ಹೊಟ್ಟೆ ಡಯಾಲಿಸಿಸ್‌ನ ನಳಿಕೆ: ಅಲ್ಟ್ರಾಸೌಂಡ್ ಮತ್ತು ಎಕ್ಸ್-ರೇ ನೋಡಿಕೊಂಡು ಕೂರಿಸುವ ಬಗೆ

ಹೊಟ್ಟೆಗೆ ಡಯಾಲಿಸಿಸ್ ನಳಿಕೆ ಹಾಕುವುದನ್ನು ಕಲಿಯಲು ಬರುವ ಕಿರಿಯ ವೈದ್ಯರು ಮೊದಲು ಸೂಜಿಯನ್ನೇ ಕೇಳುತ್ತಾರೆ. ನಾನು ಪ್ರೋಬ್, ಅಂದರೆ ಮೈಮೇಲೆ ಇಟ್ಟು ಒಳಗನ್ನು ನೋಡುವ ಅಲ್ಟ್ರಾಸೌಂಡ್ ಹಿಡಿಕೆ, ಕೊಡುತ್ತೇನೆ. ಸೂಜಿಯ ಕೆಲಸ ಕೆಲವೇ ನಿಮಿಷದ್ದು. ಎಲ್ಲಿ ಚುಚ್ಚಬೇಕು, ಎಲ್ಲಿ ಚುಚ್ಚಲೇಬಾರದು ಎಂದು ಕಣ್ಣಾರೆ ನೋಡಿ ಗೊತ್ತುಮಾಡಿಕೊಳ್ಳಲು ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ರೋಗಿ ಈ ನಳಿಕೆಯ ಜೊತೆ ವರ್ಷಗಟ್ಟಲೆ ಬದುಕಬೇಕು. ಅದರ ಮುಂದೆ ಅರ್ಧ ಗಂಟೆ ಏನೂ ಅಲ್ಲ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಹಿರಿಯರ ಕೈಕೆಳಗೆ ಈ ಕೆಲಸ ಕಲಿಯುತ್ತಿರುವ ವೈದ್ಯರಿಗೆ, ಅವರ ಜೊತೆ ನಿಲ್ಲುವ ನರ್ಸ್ ಮತ್ತು ತಂತ್ರಜ್ಞರಿಗೆ. ಓದಿಕೊಂಡು ಒಬ್ಬರೇ ಮಾಡಿಬಿಡುವ ಕೆಲಸ ಇದಲ್ಲ. ರೋಗಿಗಳೂ ಮನೆಯವರೂ ಓದಿದರೆ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿಯುತ್ತದೆ, ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳಲೂ ಆಗುತ್ತದೆ.

ಏನಿದು, ಯಾಕೆ ನೋಡಿಕೊಂಡು ಹಾಕಬೇಕು

ನಮ್ಮ ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದಿಕೆಯಾಗಿರುವ ತೆಳು ಪೊರೆಯೇ ಪೆರಿಟೋನಿಯಂ. ಅದರೊಳಗಿನ ಜಾಗಕ್ಕೆ ಸುಮಾರು 2 ಲೀಟರ್ ದ್ರವ ತುಂಬಿ ಕೆಲವು ಗಂಟೆ ಬಿಟ್ಟರೆ, ರಕ್ತದಲ್ಲಿ ಸೇರಿದ ಕಲ್ಮಶ ಪೊರೆ ದಾಟಿ ದ್ರವಕ್ಕೆ ಬರುತ್ತದೆ. ಅದನ್ನು ಹೊರಗೆ ಬಿಟ್ಟು ಹೊಸದನ್ನು ತುಂಬಬೇಕು. ದಿನಕ್ಕೆ ಮೂರೋ ನಾಲ್ಕೋ ಸಲ, ಮನೆಯಲ್ಲೇ. ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬಿಬ್ಬರು ಅಮೆರಿಕದಲ್ಲಿ 1976ರಲ್ಲಿ ಮುಂದಿಟ್ಟ ವಿಧಾನ ಇದು. ಮಳೆಗಾಲದಲ್ಲಿ ದಾರಿಯೇ ಕಡಿದುಹೋಗುವ ಮಲೆನಾಡಿನ ಮನೆಯಿಂದ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಕೇಂದ್ರಕ್ಕೆ ಬಸ್ಸು ಹಿಡಿಯುವವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು.

ಈ ಎಲ್ಲಕ್ಕೂ ಆಧಾರ ಒಂದು ಸಿಲಿಕೋನ್ ನಳಿಕೆ. ಟೆಂಕಾಫ್ ಎಂಬ ವೈದ್ಯರು 1968ರಲ್ಲಿ ರೂಪಿಸಿದ ನಮೂನೆಯೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ತುದಿಯಲ್ಲಿ ಹಲವು ಸಣ್ಣ ರಂಧ್ರಗಳು, ಮೇಲ್ಭಾಗದಲ್ಲಿ ಡೇಕ್ರಾನ್ ನಾರಿನ ಎರಡು ಪಟ್ಟಿಗಳು. ಈ ಪಟ್ಟಿಗಳಿಗೆ ಕಫ್ ಎನ್ನುತ್ತೇವೆ. ಒಳ ಕಫ್ ಹೊಟ್ಟೆಯ ನೇರ ಸ್ನಾಯುವಿನಲ್ಲಿ, ಅಂದರೆ ರೆಕ್ಟಸ್‌ನಲ್ಲಿ ಕೂರುತ್ತದೆ. ಹೊರ ಕಫ್ ಚರ್ಮದ ಕೆಳಗೆ. ನಾರಿನೊಳಗೆ ಮಾಂಸ ಬೆಳೆದು ಹಿಡಿದುಕೊಂಡ ಮೇಲೆ ನಳಿಕೆ ಅಲುಗುವುದಿಲ್ಲ, ಹೊರಗಿನ ಸೋಂಕು ಸುಲಭವಾಗಿ ಒಳಗಿಳಿಯುವುದಿಲ್ಲ.

ಹಿಂದೆ ಇದನ್ನು ಕೈಯಂದಾಜಿನ ಮೇಲೆ ಹಾಕುತ್ತಿದ್ದರು. ಈಗಲೂ ಹಾಕುವವರಿದ್ದಾರೆ. ಆದರೆ ದಾರಿಯಲ್ಲಿ ಎರಡು ಅಪಾಯಗಳು ಕಾದಿರುತ್ತವೆ: ರೆಕ್ಟಸ್ ಸ್ನಾಯುವಿನ ಹಿಂದೆ ಏರಿ ಬರುವ ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳ, ಮತ್ತು ಪೆರಿಟೋನಿಯಂಗೆ ಅಂಟಿಕೊಂಡ ಕರುಳು. ಎರಡೂ ಹೊರಗಿನಿಂದ ಕೈಗೆ ಸಿಗುವುದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತವೆ. ನಳಿಕೆಯ ತುದಿ ಕೆಳಹೊಟ್ಟೆಯ ಗುಳಿಗೆ ಇಳಿಯಿತೋ ಇಲ್ಲವೋ ಎಂಬುದನ್ನು ಹೇಳುವುದು ಫ್ಲೋರೋಸ್ಕೋಪಿ, ಅಂದರೆ ಚಲಿಸುವ ಎಕ್ಸ್-ರೇ. ಒಂದು ಚುಚ್ಚುವ ದಾರಿಯನ್ನು ತೋರಿಸಿದರೆ ಇನ್ನೊಂದು ತಲುಪಿದ ಜಾಗವನ್ನು ತೋರಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಬೇಡಿ.

ಯಾರಿಗೆ ಈ ದಾರಿ ಬೇಡ

ಹೊಟ್ಟೆಗೆ ಹಲವು ಸಲ ಆಪರೇಷನ್ ಆದವರು, ಹಿಂದೆ ದೊಡ್ಡ ಪೆರಿಟೋನೈಟಿಸ್ (ಪೆರಿಟೋನಿಯಂನ ಸೋಂಕು) ಆದವರು, ಜೊತೆಗೇ ಸರಿಪಡಿಸಬೇಕಾದ ಹರ್ನಿಯಾ ಇರುವವರು ಲ್ಯಾಪರೋಸ್ಕೋಪಿಗೆ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್‌ಗೆ, ಹೋಗುವುದೇ ಸರಿ. ಅಲ್ಲಿ ಕರುಳು ಗೋಡೆಗೆ ಹಿಡಿದುಕೊಂಡ ಅಂಟನ್ನು ಬಿಡಿಸಬಹುದು, ಹರ್ನಿಯಾವನ್ನೂ ಹೊಲಿಯಬಹುದು. ಸೂಜಿಯ ದಾರಿಯಲ್ಲಿ ಎರಡೂ ಆಗುವುದಿಲ್ಲ. ಒಂದು ಸಿಸೇರಿಯನ್ ಅಥವಾ ಅಪೆಂಡಿಕ್ಸ್ ಗಾಯವಿದ್ದ ಮಾತ್ರಕ್ಕೆ ರೋಗಿಯನ್ನು ವಾಪಸ್ ಕಳಿಸಬೇಕಿಲ್ಲ, ಮುಂದೆ ಹೇಳುವ ಜಾರುವ ಪರೀಕ್ಷೆ ಮಾಡಿ ನಿರ್ಧರಿಸಿ.

ಹಿಂದಿನ ದಿನಗಳ ತಯಾರಿ

ಮಲಬದ್ಧತೆಯನ್ನು ಹಗುರವಾಗಿ ಕಾಣಬೇಡಿ. ತುಂಬಿದ ದೊಡ್ಡ ಕರುಳು ನಳಿಕೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಚುಚ್ಚುವಾಗ ಅಡ್ಡವೂ ಬರುತ್ತದೆ. ಹಿಂದಿನ ದಿನವೇ ಭೇದಿಗೆ ಔಷಧ ಕೊಡಿ. ಫಾಸ್ಫೇಟ್ ಅಥವಾ ಮೆಗ್ನೀಷಿಯಂ ಇರುವಂಥದ್ದು ಮಾತ್ರ ಬೇಡ, ಕೆಟ್ಟ ಕಿಡ್ನಿ ಅವನ್ನು ಹೊರಹಾಕಲಾರದು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ) ನೋಡಿ. ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ಮಾತ್ರೆ ನುಂಗುವವರಿದ್ದರೆ ಹೃದ್ರೋಗ ತಜ್ಞರನ್ನು ಕೇಳಿಯೇ 5 ದಿನ ಮುಂಚೆ ನಿಲ್ಲಿಸಿ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರಿಗೆ ನಿಲ್ಲಿಸುವುದೇ ಹೆಚ್ಚು ಅಪಾಯ ಆಗಬಹುದು. ಬೆಳಿಗ್ಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಹಾಕಿ ಸ್ನಾನ. ಚುಚ್ಚುವ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್ ಎಂಬ ಆಂಟಿಬಯಾಟಿಕ್ ಒಂದು ಡೋಸ್ ರಕ್ತನಾಳಕ್ಕೆ. ಟೇಬಲ್ ಹತ್ತುವ ಮುನ್ನ ಮೂತ್ರ ಮಾಡಿ ಬರಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದ ಗಂಡಸರಲ್ಲಿ ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಸಾಕಷ್ಟು ಉಳಿದಿರುತ್ತದೆ. ಪ್ರೋಬ್ ಇಟ್ಟು ನೋಡಿ, ಉಳಿದಿದ್ದರೆ ಮೂತ್ರದ ನಳಿಕೆ ಹಾಕಿ ಖಾಲಿ ಮಾಡಿ.

ಗುರುತು ಹಾಕುವುದು: ರೋಗಿ ಎದ್ದು ಕೂತಾಗ

ನಳಿಕೆ ಚರ್ಮದಿಂದ ಹೊರಬರುವ ಜಾಗವನ್ನು ರೋಗಿ ಮಲಗಿದ್ದಾಗ ನಿರ್ಧರಿಸುವುದು ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಮಲಗಿದಾಗ ಹೊಟ್ಟೆ ಮಟ್ಟಸವಾಗಿರುತ್ತದೆ. ಎದ್ದು ಕೂತರೆ ಮಡಿಕೆ ಬೀಳುತ್ತದೆ, ಚಂದವಾಗಿ ಹಾಕಿದ ಗುರುತು ಆ ಮಡಿಕೆಯ ಒಳಗೆ ಸೇರಿಕೊಂಡು ಬೆವರಿನಲ್ಲಿ ನೆನೆಯುತ್ತಿರುತ್ತದೆ.

ಹಾಗಾಗಿ ಮೊದಲು ನಿಲ್ಲಿಸಿ ನೋಡಿ, ಕೂರಿಸಿ ನೋಡಿ, ಸಾಧ್ಯವಾದರೆ ಚಕ್ಕಳಮಕ್ಕಳ ಹಾಕಿಸಿ ನೋಡಿ. ನಮ್ಮ ಕಡೆ ಬೆಲ್ಟ್ ಒಂದನ್ನೇ ವಿಚಾರಿಸಿದರೆ ಸಾಲದು. ಹೆಂಗಸರಲ್ಲಿ ಲಂಗದ ಲಾಡಿ ಕಟ್ಟುವ ಗೆರೆ, ಗಂಡಸರಲ್ಲಿ ಪಂಚೆಯ ಗಂಟು, ಉಡಿದಾರ ಇವೆಲ್ಲ ಎಲ್ಲಿ ಬರುತ್ತವೆ ಎಂದು ಕೇಳಿ, ಪೆನ್ನಿನಲ್ಲಿ ಗೆರೆ ಎಳೆಯಿರಿ. ರಂಧ್ರ ಆ ಗೆರೆಯ ಮೇಲೂ ಬರಬಾರದು, ಮಡಿಕೆಯೊಳಗೂ ಬರಬಾರದು. ರೋಗಿ ಬಗ್ಗಿ ನೋಡಿದರೆ ಕಣ್ಣಿಗೆ ಬೀಳಬೇಕು, ಯಾಕೆಂದರೆ ದಿನಾ ಅದನ್ನು ತೊಳೆದು ಪಟ್ಟಿ ಹಾಕಿಕೊಳ್ಳುವವರು ಅವರೇ. "ಅಮ್ಮಾ, ಇಲ್ಲಿ ಬಂದರೆ ನಿಮಗೆ ಕಾಣುತ್ತಾ? ಕೈ ಸಲೀಸಾಗಿ ಎಟಕುತ್ತಾ?" ಎಂದು ಕೇಳಿ, ಅವರ ಬೆರಳಲ್ಲೇ ಮುಟ್ಟಿಸಿ.

ಒಳಗೆ ಇಳಿಯುವ ಜಾಗವನ್ನು ಮಾತ್ರ ಮಲಗಿಸಿ ಅಳೆಯಬೇಕು. ಅದೇ ಅಳತೆಯ ನಳಿಕೆಯನ್ನು, ಪ್ಯಾಕೆಟ್ ಒಡೆಯದೆ, ಹೊಟ್ಟೆಯ ಮೇಲೆ ಹಿಡಿಯಿರಿ. ತುದಿ ಸುರುಳಿಯಾಗಿರುವ ನಳಿಕೆಯಾದರೆ ಸುರುಳಿಯ ಮೇಲಂಚು ಪ್ಯೂಬಿಕ್ ಎಲುಬಿನ ಮೇಲಂಚಿಗೆ ಸರಿಯಾಗಿ ಬರಲಿ. ನೇರ ತುದಿಯದಾದರೆ ತುದಿಯಿಂದ 5 ಸೆಂ.ಮೀ. ಮೇಲಿನ ಬಿಂದು ಅಲ್ಲಿಗೆ ಬರಲಿ. ಈಗ ಒಳ ಕಫ್ ಎಲ್ಲಿ ಬಂತೋ ಅದೇ ನೀವು ಚುಚ್ಚುವ ಮಟ್ಟ. ಹೊಕ್ಕುಳಿನಿಂದ ಇಷ್ಟು ಬೆರಳು ಕೆಳಗೆ ಎಂಬ ಹಳೆಯ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು. ಹೊಕ್ಕುಳು ಒಬ್ಬೊಬ್ಬರಲ್ಲಿ ಒಂದೊಂದು ಎತ್ತರದಲ್ಲಿರುತ್ತದೆ, ಎಲುಬು ಮೋಸ ಮಾಡುವುದಿಲ್ಲ. ಮಧ್ಯರೇಖೆಯಲ್ಲಿ ಚುಚ್ಚಬೇಡಿ. ಪಕ್ಕಕ್ಕೆ ಸರಿದು ರೆಕ್ಟಸ್ ಸ್ನಾಯುವಿನ ಮೂಲಕವೇ ಹೋಗಬೇಕು. ಕಫ್‌ಗೆ ಹಿಡಿತ ಸಿಗುವುದು ಮಾಂಸದಲ್ಲಿ. ಮಧ್ಯದ ಬಿಳಿ ನಾರಿನಲ್ಲಿ ಸೋರಿಕೆಯೂ ಹರ್ನಿಯಾವೂ ಹೆಚ್ಚು.

ಸೂಜಿಗೆ ಮುನ್ನ ಅಲ್ಟ್ರಾಸೌಂಡ್

ಹೊಟ್ಟೆಯ ಗೋಡೆಗೆ 7ರಿಂದ 12 ಮೆಗಾಹರ್ಟ್ಸ್‌ನ ಲೀನಿಯರ್ ಪ್ರೋಬ್ ಬೇಕು. ಆಳ ಹೆಚ್ಚಿದ್ದರೆ ಬಾಗಿದ ಪ್ರೋಬ್ ಜೊತೆಗಿರಲಿ. (ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರ ನೋಂದಣಿಯಾಗಿರಬೇಕು, ಅದನ್ನು ಬಳಸುವ ವೈದ್ಯರೂ ಆ ದಾಖಲೆಯಲ್ಲಿರಬೇಕು. ಡಯಾಲಿಸಿಸ್ ವಿಭಾಗದವರು ಯಂತ್ರ ಎರವಲು ತರುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ.)

ಪರದೆಯ ಮೇಲೆ ಪದರಗಳನ್ನು ಮೇಲಿಂದ ಎಣಿಸುತ್ತಾ ಬನ್ನಿ. ಚರ್ಮ, ಕೊಬ್ಬು, ರೆಕ್ಟಸ್‌ನ ಮುಂಪೊರೆಯ ಬಿಳಿ ಗೆರೆ, ನಡುವೆ ಸಣ್ಣ ಬಿಳಿ ಎಳೆಗಳಿರುವ ಕಪ್ಪಗಿನ ಸ್ನಾಯು, ಹಿಂಪೊರೆಯ ಗೆರೆ, ಪೆರಿಟೋನಿಯಂ. ಹೊಕ್ಕುಳಿನಿಂದ ಕೆಳಗಿಳಿದಂತೆ ಒಂದು ಮಟ್ಟದ ನಂತರ ರೆಕ್ಟಸ್‌ನ ಹಿಂಪೊರೆಯೇ ಇರುವುದಿಲ್ಲ. ಅಲ್ಲಿ ಸ್ನಾಯುವಿನ ಬೆನ್ನಿಗೆ ತೆಳು ಪೊರೆ, ಕೊಬ್ಬು, ಪೆರಿಟೋನಿಯಂ ಅಷ್ಟೇ. ದಪ್ಪಗಿರುವವರಲ್ಲಿ ಈ ಕೊಬ್ಬಿನ ಪದರವೇ ಮೋಸಗೊಳಿಸುತ್ತದೆ, ಸೂಜಿ ಸಲೀಸಾಗಿ ಹೋಯಿತು ಎಂದು ಹಿಗ್ಗಿದರೆ ಅದು ಇನ್ನೂ ಗೋಡೆಯಲ್ಲೇ ಇರುತ್ತದೆ.

ಇಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು.

ಮೊದಲನೆಯದು ರಕ್ತನಾಳ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ, ವೇಗದ ಸ್ಕೇಲ್ ಇಳಿಸಿ, ಪ್ರೋಬನ್ನು ಅಡ್ಡಲಾಗಿ ಹಿಡಿದು ಮೇಲೆ ಕೆಳಗೆ ಸರಿಸಿ. ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ನಾಳ ತೊಡೆಸಂದಿನ ಕಡೆಯಿಂದ ಹೊರಟು ಹೊಕ್ಕುಳಿನ ಕಡೆಗೆ ಓರೆಯಾಗಿ ಏರುತ್ತದೆ. ಸಾಮಾನ್ಯವಾಗಿ ಮಧ್ಯರೇಖೆಯಿಂದ 4ರಿಂದ 8 ಸೆಂ.ಮೀ. ದೂರದಲ್ಲಿ ಸಿಗುತ್ತದೆ. ಆದರೆ ಈ ಅಂಕಿಯನ್ನು ನಂಬಿ ಚುಚ್ಚುವುದಾದರೆ ಪ್ರೋಬ್ ಯಾಕೆ ಬೇಕಿತ್ತು? ಚರ್ಮದ ಮೇಲೆ ಅದರ ದಾರಿಯನ್ನು ಪೆನ್ನಿನಲ್ಲಿ ಬರೆಯಿರಿ. ಪ್ರೋಬನ್ನು ಗಟ್ಟಿಯಾಗಿ ಒತ್ತಿದರೆ ಸಣ್ಣ ನಾಳ ಮುಚ್ಚಿಕೊಂಡು ಕಾಣದೇ ಹೋಗುತ್ತದೆ, ಹಗುರ ಕೈ ಇರಲಿ.

ಎರಡನೆಯದು ಜಾರುವಿಕೆ. "ಉಸಿರು ದೀರ್ಘವಾಗಿ ಎಳೆದುಕೊಳ್ಳಿ, ನಿಧಾನ ಬಿಡಿ" ಎಂದು ಹೇಳಿ, ಪೆರಿಟೋನಿಯಂ ಗೆರೆಯ ಕೆಳಗೆ ಕರುಳು ಹೇಗೆ ಸರಿಯುತ್ತದೆ ನೋಡಿ. ಪ್ರೋಬ್ ಈಗ ಉದ್ದುದ್ದ ಇರಬೇಕು. ದೀರ್ಘ ಉಸಿರಿಗೆ 1 ಸೆಂ.ಮೀ.ಗಿಂತ ಹೆಚ್ಚು ಸರಾಗವಾಗಿ ಜಾರಿದರೆ ಅಲ್ಲಿ ಅಂಟಿಕೊಂಡಿಲ್ಲ ಎಂದು ತಿಳಿಯಬಹುದು. ಗೋಡೆಯ ಜೊತೆಗೇ ಕರುಳೂ ಬಂದರೆ ಅಥವಾ ಒಂದೇ ಕಡೆ ಸಿಕ್ಕಿಕೊಂಡಂತೆ ಎಳೆದಾಡಿದರೆ ಆ ಜಾಗ ಬಿಟ್ಟುಬಿಡಿ. ಎರಡೂ ಬದಿ ನೋಡಿದರೂ ಜಾರುವ ಜಾಗ ಸಿಗದಿದ್ದರೆ ಅವತ್ತು ನಳಿಕೆ ಹಾಕಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಹಾಗೆ ವಾಪಸ್ ಕಳಿಸಿದ ರೋಗಿಗಳ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಮೂರನೆಯದು ಆಳ. ಚರ್ಮದಿಂದ ಪೆರಿಟೋನಿಯಂವರೆಗೆ ಎಷ್ಟು ಸೆಂ.ಮೀ. ಎಂದು ಅಳೆದು ಜೋರಾಗಿ ಹೇಳಿ, ಪಕ್ಕದವರು ಬರೆದುಕೊಳ್ಳಲಿ. ಓರೆಯಾಗಿ ಹೋಗುವ ಸೂಜಿಗೆ ಅದಕ್ಕಿಂತ ಹೆಚ್ಚು ದೂರ ಬೇಕಾಗುತ್ತದೆ. 45 ಡಿಗ್ರಿ ಓರೆಯಾದರೆ 3 ಸೆಂ.ಮೀ. ಆಳಕ್ಕೆ ಸುಮಾರು 4.2 ಸೆಂ.ಮೀ. ಈ ಲೆಕ್ಕ ತಲೆಯಲ್ಲಿದ್ದರೆ ತುದಿ ಕಾಣದಿದ್ದಾಗ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ.

ಮರಗಟ್ಟಿಸಿ, ಚುಚ್ಚುವುದು

ಚರ್ಮ ಶುದ್ಧಿ ಮಾಡಿ, ಬಟ್ಟೆ ಹೊದಿಸಿ, ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿ. ಸ್ವಲ್ಪ ಮಂಪರು ಔಷಧ ಕೊಡುವುದಾದರೆ ಉಸಿರು, ಆಮ್ಲಜನಕ, ಬಿ.ಪಿ. ನೋಡಿಕೊಳ್ಳಲು ಒಬ್ಬರು ಬೇರೆಯೇ ಇರಬೇಕು. ರೋಗಿ ನಿದ್ದೆ ಹೋಗಬಾರದು, ನಮಗೆ ಅವರ ಸಹಾಯ ಬೇಕು.

ಮರಗಟ್ಟಿಸುವ ಔಷಧ ಲಿಗ್ನೋಕೇನನ್ನು ಚರ್ಮಕ್ಕೆ ಮಾತ್ರ ಕೊಟ್ಟು ಮುಗಿಸಬೇಡಿ. ನೋವು ಹೆಚ್ಚು ಚರ್ಮದಲ್ಲೂ ಪೆರಿಟೋನಿಯಂನಲ್ಲೂ ಇರುತ್ತದೆ. ಅಲ್ಟ್ರಾಸೌಂಡ್ ನೋಡುತ್ತಲೇ ಸೂಜಿಯನ್ನು ಪೆರಿಟೋನಿಯಂವರೆಗೆ ಒಯ್ದು ಅಲ್ಲಿಗೆ ಔಷಧ ಬಿಡಿ. ಗೆರೆ ಮೆಲ್ಲಗೆ ಕೆಳಗೆ ಬಾಗುವುದು ಕಾಣುತ್ತದೆ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನ್ ಕಿಲೋ ತೂಕಕ್ಕೆ 4.5 ಮಿ.ಗ್ರಾಂ. ಮೀರಬಾರದು. 50 ಕಿಲೋ ತೂಕದವರಿಗೆ 2 ಶೇಕಡಾದ ಔಷಧವಾದರೆ ಅದು ಬರೀ 11 ಮಿ.ಲೀ. ಮುಂದೆ ಸುರಂಗ ತೋಡುವಾಗಲೂ ಬೇಕಾಗುತ್ತದೆ, ಆದ್ದರಿಂದ ಮೊದಲೇ ಸಲೈನ್ ಬೆರೆಸಿ 1 ಶೇಕಡಾ ಮಾಡಿಟ್ಟುಕೊಳ್ಳಿ.

ಗುರುತಿನಲ್ಲಿ 2ರಿಂದ 3 ಸೆಂ.ಮೀ. ಗಾಯ ಮಾಡಿ, ಕೊಬ್ಬನ್ನು ಬಿಡಿಸಿ ರೆಕ್ಟಸ್‌ನ ಮುಂಪೊರೆ ತಲುಪಿ. ಇನ್ನು 21 ಗೇಜ್ ಸೂಜಿ. ಪ್ರೋಬ್ ಉದ್ದುದ್ದ, ಸೂಜಿ ಅದರ ಉದ್ದಕ್ಕೇ, ತುದಿಯ ಮುಖ ಕೆಳಹೊಟ್ಟೆಯ ಕಡೆಗೆ, ಸುಮಾರು 45 ಡಿಗ್ರಿ ಓರೆ. ಸೂಜಿ ಇಡೀ ಪರದೆಯ ಮೇಲೆ ಕಾಣುತ್ತಿರಬೇಕು. ತುದಿ ಕಣ್ಣಿಗೆ ತಪ್ಪಿದರೆ ಸೂಜಿಯನ್ನು ನಿಲ್ಲಿಸಿ ಪ್ರೋಬನ್ನು ಸರಿಸಿ ಹುಡುಕಿ. ಎರಡನ್ನೂ ಒಟ್ಟಿಗೆ ಅಲುಗಿಸುವುದು ಹೊಸಬರೆಲ್ಲರ ಅಭ್ಯಾಸ, ಇದನ್ನು ಮೊದಲ ದಿನವೇ ಬಿಡಬೇಕು.

ಪೆರಿಟೋನಿಯಂ ಹತ್ತಿರ ಬಂದಾಗ ರೋಗಿಗೆ ಹೇಳಿ: "ಯಜಮಾನ್ರೇ, ಹೊಟ್ಟೆ ಗಟ್ಟಿಯಾಗಿ ಬಿಗಿ ಹಿಡೀರಿ." ಬಿಗಿದ ಪೊರೆ ಸೂಜಿಗೆ ಸುಲಭವಾಗಿ ಸಿಗುತ್ತದೆ. ಸಡಿಲವಿದ್ದರೆ ಡೇರೆಯಂತೆ ಒಳಕ್ಕೆ ತಗ್ಗಿ ಕರುಳಿಗೆ ತಾಗುವವರೆಗೂ ಹೋಗುತ್ತದೆ. ಕೈಗೆ ಪಟ್ ಎಂಬ ಅನುಭವ ಎರಡು ಸಲ ಆಗುತ್ತದೆ, ಮುಂಪೊರೆಗೆ ಒಂದು, ಪೆರಿಟೋನಿಯಂಗೆ ಇನ್ನೊಂದು.

ದಾರಿ ದೊಡ್ಡದು ಮಾಡುವ ಮುನ್ನ ಒಂದು ಪರೀಕ್ಷೆ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಸಣ್ಣ ಸೂಜಿಯಿಂದಾದ ತೂತು ಕರುಳಲ್ಲಾದರೂ ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ. 5 ಮಿ.ಮೀ.ಗೂ ದಪ್ಪಗಿನ, 16 ಫ್ರೆಂಚ್ ಎಂಬ ಅಳತೆಯ ಕೊಳವೆ ಅದೇ ದಾರಿಯಲ್ಲಿ ಹೋದರೆ ಆ ತೂತು ಮುಚ್ಚುವುದಿಲ್ಲ. ತಪ್ಪು ತಿಳಿಯಬೇಕಾದ್ದು ಇವೆರಡರ ನಡುವಿನ ಈ ಗಳಿಗೆಯಲ್ಲಿ.

ಸೂಜಿಯಲ್ಲಿ 3ರಿಂದ 5 ಮಿ.ಲೀ. ಅಯೋಡಿನ್ ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ಫ್ಲೋರೋಸ್ಕೋಪಿಯಲ್ಲಿ ನೋಡಿ. ಸರಿಯಾದ ಜಾಗದಲ್ಲಿದ್ದರೆ ಅದು ತುದಿಯಿಂದ ಓಡಿಹೋಗಿ ಕರುಳಿನ ಸುರುಳಿಗಳ ನಡುವೆ ಅರ್ಧಚಂದ್ರದಂಥ ಗೆರೆಗಳಾಗಿ ಹರಡುತ್ತದೆ. ತುದಿಯ ಸುತ್ತಲೇ ಮೋಡದಂತೆ ಗುಡ್ಡೆಗಟ್ಟಿದರೆ ನೀವು ಇನ್ನೂ ಗೋಡೆಯಲ್ಲಿದ್ದೀರಿ, ಹೆಚ್ಚಾಗಿ ಆ ಕೊಬ್ಬಿನ ಪದರದಲ್ಲಿ. ಕೊಳವೆಯ ಆಕಾರ ತುಂಬಿ ಒಳಗೆ ಮಡಿಕೆಗಳು ಕಂಡರೆ ಕರುಳಿನೊಳಗೆ ಹೋಗಿದೆ. ಹಾಗಾದರೆ ಸೂಜಿ ತೆಗೆದುಬಿಡಿ, ಕೆಲಸ ಅಲ್ಲಿಗೇ ನಿಲ್ಲಿಸಿ, ಆಂಟಿಬಯಾಟಿಕ್ ಕೊಟ್ಟು ಸರ್ಜನ್‌ಗೆ ತಿಳಿಸಿ, ರೋಗಿಯನ್ನು ಆಸ್ಪತ್ರೆಯಲ್ಲೇ ಇಟ್ಟು ಗಮನಿಸಿ. ಸಂಶಯವಿದ್ದರೆ ಸರಿ ಇರಬಹುದು ಎಂದು ಮುಂದುವರಿಯಬೇಡಿ, ಇನ್ನೊಮ್ಮೆ ಚುಚ್ಚುವುದರಲ್ಲಿ ಯಾವ ಅವಮಾನವೂ ಇಲ್ಲ.

ತಂತಿ, ಕೊಳವೆ, ನಳಿಕೆ

ಸೂಜಿಯಿಂದ ತಂತಿ, ತಂತಿಯ ಮೇಲೆ ಕೊಳವೆ ಎಂಬ ಉಪಾಯ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ್ದು, ಅವರು ಅದನ್ನು ಬಳಸಿದ್ದು ಅಪಧಮನಿಗಳಿಗೆ. ನಾವೂ ಅದನ್ನೇ ಅನುಸರಿಸುತ್ತೇವೆ. ಮೊದಲು 0.018 ಇಂಚಿನ ಸಣ್ಣ ತಂತಿ, ಅದರ ಮೇಲೆ ಸಣ್ಣ ಕೊಳವೆ, ಆಮೇಲೆ 0.035 ಇಂಚಿನ ದಪ್ಪ ತಂತಿ. ಸಣ್ಣ ಕೊಳವೆಯ ಮೂಲಕ ಅರ್ಧ ಲೀಟರ್‌ನಿಂದ ಒಂದು ಲೀಟರ್ ದ್ರವ ಬಿಟ್ಟುಕೊಂಡರೆ ಹೊಟ್ಟೆಯ ಗೋಡೆ ಕರುಳಿನಿಂದ ಮೇಲೇಳುತ್ತದೆ, ಮುಂದಿನ ಕೆಲಸಕ್ಕೆ ಜಾಗ ಸಿಗುತ್ತದೆ.

ದಪ್ಪ ತಂತಿಯನ್ನು ಫ್ಲೋರೋಸ್ಕೋಪಿ ನೋಡುತ್ತಾ ಕೆಳಕ್ಕೆ ಇಳಿಸಿ. ಅದು ತಡೆಯಿಲ್ಲದೆ ಸರಾಗವಾಗಿ ಜಾರಿ ಪೆಲ್ವಿಸ್‌ನ, ಅಂದರೆ ಕೆಳಹೊಟ್ಟೆಯ ಗುಳಿಯ, ತಳದಲ್ಲಿ ದೊಡ್ಡ ಸುತ್ತಾಗಿ ತಿರುಗಬೇಕು. ಸಣ್ಣ ಸಣ್ಣ ಬಿಗಿ ಸುತ್ತಾದರೆ ಅದು ಓಮೆಂಟಮ್ ಎಂಬ ಕೊಬ್ಬಿನ ಪರದೆಯಲ್ಲೋ ಅಂಟಿನಲ್ಲೋ ಸಿಕ್ಕಿಕೊಂಡಿದೆ. ಹಿಂದಕ್ಕೆಳೆದು, ತಿರುಗಿಸಿ, ಮತ್ತೆ ಇಳಿಸಿ. ಮುಂದಿನಿಂದ ಒಂದೇ ನೋಟ ನೋಡಿ ತೃಪ್ತಿಪಡಬೇಡಿ. ಎಕ್ಸ್-ರೇ ಯಂತ್ರದ ಬಾಗಿದ ತೋಳನ್ನು (ಸಿ-ಆರ್ಮ್) ಪಕ್ಕಕ್ಕೆ ತಿರುಗಿಸಿದರೆ ತಂತಿ ಮೂತ್ರಚೀಲದ ಹಿಂದೆ ಇದೆಯೋ ಮುಂದೆ ಇದೆಯೋ ತಿಳಿಯುತ್ತದೆ. ಬೇಕಾದ್ದು ಹಿಂದೆ.

ಕೋಣೆಯಲ್ಲಿರುವ ಎಲ್ಲರಿಗೂ ಲೆಡ್ ಏಪ್ರನ್, ಥೈರಾಯ್ಡ್ ಕವಚ, ಏಪ್ರನ್‌ನ ಒಳಗೆ ಎದೆಯ ಮಟ್ಟದಲ್ಲಿ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್. ಪೆಡಲ್ ಒತ್ತುವುದು ಕ್ಷಣ ಮಾತ್ರ, ನಿಂತ ಚಿತ್ರ ನೋಡಿ ಯೋಚಿಸಿ. ಎರಡು ಹೆಜ್ಜೆ ಹಿಂದೆ ಸರಿದರೂ ವಿಕಿರಣ ಎಷ್ಟೋ ತಗ್ಗುತ್ತದೆ, ದೂರ ಇಮ್ಮಡಿಯಾದರೆ ಕಾಲು ಭಾಗಕ್ಕೆ ಇಳಿಯುತ್ತದೆ.

ಮುಂದೆ ದಾರಿ ಹಿಗ್ಗಿಸುವ ಡೈಲೇಟರ್‌ಗಳನ್ನು ಒಂದರ ನಂತರ ಒಂದು, ತಂತಿಯ ಓರೆಯಲ್ಲೇ ಹಾಕಿ. ಜೋರು ಮಾಡಿ ನೇರಕ್ಕೆ ನೂಕಿದರೆ ತಂತಿ ಮಡಚಿಕೊಂಡು ಡೈಲೇಟರ್ ಬೇರೆ ದಾರಿ ಹಿಡಿಯುತ್ತದೆ. ಆಮೇಲೆ ಸೀಳಿ ತೆಗೆಯಬಲ್ಲ 16ರಿಂದ 18 ಫ್ರೆಂಚ್ ಕವಚ. ನಳಿಕೆಯನ್ನು ಮೊದಲೇ ಸಲೈನ್‌ನಲ್ಲಿ ನೆನೆಸಿ, ಕಫ್‌ಗಳನ್ನು ಬೆರಳಲ್ಲಿ ಹಿಂಡಿ ಗಾಳಿ ತೆಗೆಯಿರಿ. ಗಾಳಿ ಉಳಿದ ನಾರಿನೊಳಗೆ ಮಾಂಸ ಸರಿಯಾಗಿ ಬೆಳೆಯುವುದಿಲ್ಲ. ತಂತಿಯ ಮೇಲೆ ನಳಿಕೆ ಇಳಿಸಿ, ಸುರುಳಿ ಪೆಲ್ವಿಸ್‌ನಲ್ಲಿ ಬಿಚ್ಚಿಕೊಂಡ ಮೇಲೆ ಕವಚ ಸೀಳುತ್ತಾ ಒಳ ಕಫ್ಫನ್ನು ರೆಕ್ಟಸ್ ಮಾಂಸದೊಳಕ್ಕೆ ನೂಕಿ. ಕಫ್ ಮಾಂಸದಲ್ಲಿ ಕೂತಿತೇ, ಇನ್ನೂ ಹೊರಗೆ ಕೊಬ್ಬಿನಲ್ಲಿ ಉಳಿಯಿತೇ ಎಂದು ಪ್ರೋಬ್ ಇಟ್ಟು ಮತ್ತೊಮ್ಮೆ ನೋಡಿ. ಈ ಒಂದು ನಿಮಿಷವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಈಗಲೇ ಹರಿವು ಪರೀಕ್ಷಿಸಿ. ಅರ್ಧ ಲೀಟರ್ ಬಿಟ್ಟು ಚೀಲವನ್ನು ಕೆಳಗಿಟ್ಟರೆ ದ್ರವ ಧಾರೆಯಾಗಿ ಬರಬೇಕು, ಉಸಿರಿನ ಜೊತೆ ಏರಿಳಿಯಬೇಕು. ಹನಿ ಹನಿಯಾಗಿ ಬಂದರೆ ಮುಂದಿನ ಹೊಲಿಗೆಗೆ ಹೋಗಬೇಡಿ. ಕಾಂಟ್ರಾಸ್ಟ್ ಬಿಟ್ಟು ನೋಡಿ, ಎಲ್ಲಿ ಮಡಚಿದೆ, ಎಲ್ಲಿ ಸಿಕ್ಕಿದೆ ಎಂದು ಹುಡುಕಿ ಸರಿಮಾಡಿ. ಇವತ್ತು ಹರಿಯದ ನಳಿಕೆ ಎರಡು ವಾರದ ನಂತರ ತಾನಾಗಿ ಹರಿಯುತ್ತದೆ ಎಂದು ಕಾಯಬೇಡಿ.

ಇನ್ನು ಉಳಿದದ್ದು ಚರ್ಮದ ಕೆಳಗಿನ ಸುರಂಗ. ಒಳಗಿನಿಂದ ಹೊರಕ್ಕೆ, ಮೊದಲೇ ಹಾಕಿದ ಗುರುತಿಗೆ ತೋಡಿ. ಹೊರ ಕಫ್ ರಂಧ್ರದಿಂದ 2ರಿಂದ 4 ಸೆಂ.ಮೀ. ಒಳಗಿರಲಿ. ರಂಧ್ರದ ಬಾಯಿ ಪಕ್ಕಕ್ಕೋ ಕೆಳಕ್ಕೋ ಇರಬೇಕು, ಮೇಲ್ಮುಖವಾದರೆ ಬೆವರೂ ನೀರೂ ಇಳಿದು ನಿಲ್ಲುತ್ತವೆ. ನಳಿಕೆಯ ಮೇಲಿನ ಉದ್ದ ಗೆರೆ ತಿರುಚಿಕೊಂಡಿಲ್ಲ ಎಂದು ನೋಡಿ. ರಂಧ್ರದ ಬಾಯಿಗೆ ಹೊಲಿಗೆ ಹಾಕಬೇಡಿ, ಅದು ಸೋಂಕಿಗೆ ಆಹ್ವಾನ. ಮುಗಿದ ಮೇಲೆ ಕೊನೆಯದಾಗಿ ಒಂದು ಎಕ್ಸ್-ರೇ, ಸುರುಳಿಯಿಂದ ರಂಧ್ರದವರೆಗೆ ಇಡೀ ನಳಿಕೆ ಒಂದೇ ಚಿತ್ರದಲ್ಲಿ ಬರುವಂತೆ.

ಆಮೇಲೆ

ಪಟ್ಟಿಯನ್ನು, ರಕ್ತವೋ ಕೀವೋ ಕಾಣದಿದ್ದರೆ, ಒಂದು ವಾರ ಬಿಚ್ಚದಿರುವುದೇ ಒಳ್ಳೆಯದು. ಗಾಯ ಮಾಗುವವರೆಗೆ ರಂಧ್ರಕ್ಕೆ ನೀರು ತಾಗಬಾರದು, ಭಾರ ಎತ್ತಬಾರದು, ಮಲ ಮಾಡುವಾಗ ತಿಣುಕಬಾರದು. ಪೂರ್ತಿ ಡಯಾಲಿಸಿಸ್ ಶುರು ಮಾಡಲು ಕನಿಷ್ಠ 2 ವಾರ ಬಿಡಿ. ತುರ್ತು ಇದ್ದರೆ ಕಡಿಮೆ ದ್ರವದಲ್ಲಿ, ರೋಗಿಯನ್ನು ಮಲಗಿಸಿಯೇ ಆರಂಭಿಸಬಹುದು.

ನಿಮ್ಮ ಘಟಕದ ಲೆಕ್ಕ ಬರೆದಿಡಿ. ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸಂಘದ 2019ರ ಮಾರ್ಗಸೂಚಿಯ ಪ್ರಕಾರ ಅಂಗಗಳಿಗೆ ಗಾಯ ಶೇ. 1ಕ್ಕಿಂತ ಕಡಿಮೆ, ದೊಡ್ಡ ರಕ್ತಸ್ರಾವ ಶೇ. 1ಕ್ಕಿಂತ ಕಡಿಮೆ, ಮೊದಲ 30 ದಿನದಲ್ಲಿ ಪೆರಿಟೋನೈಟಿಸ್ ಶೇ. 5ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಅಂಕಿ ಇದನ್ನು ಮೀರಿದರೆ ಎಲ್ಲಿ ಎಡವುತ್ತಿದ್ದೀರಿ ಎಂದು ಒಟ್ಟಿಗೆ ಕೂತು ನೋಡಿ.

ಕೆಲವು ತಿಂಗಳ ನಂತರ ರೋಗಿ "ಡಾಕ್ಟ್ರೇ, ನೀರು ಒಳಗೆ ಹೋಗುತ್ತೆ, ಹೊರಗೆ ಬರಲ್ಲ" ಎಂದು ಬಂದರೆ ಮೊದಲು ಕೇಳಬೇಕಾದ್ದು ಮಲಬದ್ಧತೆ ಇದೆಯೇ ಎಂದು. ಅದಕ್ಕೆ ಔಷಧ ಕೊಟ್ಟ ಮೇಲೂ ಹರಿಯದಿದ್ದರೆ ಹೊಟ್ಟೆಯ ಎಕ್ಸ್-ರೇ ತೆಗೆಸಿ. ಸುರುಳಿ ಮೇಲಕ್ಕೆದ್ದು ಹೋಗಿದ್ದರೆ ಫ್ಲೋರೋಸ್ಕೋಪಿ ನೋಡುತ್ತಾ ಗಟ್ಟಿ ತಂತಿಯಿಂದ ಅದನ್ನು ಕೆಳಗಿಳಿಸಲು ಪ್ರಯತ್ನಿಸಬಹುದು, ಹಿಡಿದದ್ದು ಓಮೆಂಟಮ್ ಆದರೆ ಲ್ಯಾಪರೋಸ್ಕೋಪಿಯೇ ಬೇಕಾದೀತು. ಸುರುಳಿ ಮೊದಲ ದಿನ ಎಲ್ಲಿತ್ತು ಎಂದು ತಿಳಿಯಲು ಅವತ್ತಿನ ಕೊನೆಯ ಎಕ್ಸ್-ರೇ ಕೈಯಲ್ಲಿರಬೇಕು. ಅದರ ಒಂದು ಪ್ರತಿಯನ್ನು ರೋಗಿಯ ಫೈಲಿಗೆ ಹಾಕಿ, ಇನ್ನೊಂದನ್ನು ಅವರ ಮನೆಯವರ ಮೊಬೈಲಿಗೆ ಕಳಿಸಿ, ದಿನಾಂಕ ಸಮೇತ.